ಹೋಮ್ ಪ್ಲೇಟಿನ ಹಿಂದಿನಿಂದ ಡಗ್‌ಔಟಿಗೆ: ಕ್ಯಾಚರ್ ಬ್ರೂಸ್ ಬೋಚಿ ಮ್ಯಾನೇಜರ್ ಆದ ಬಗೆ

ಒಂಬತ್ತು ಋತು, 358 ಪಂದ್ಯ, .239 ಬ್ಯಾಟಿಂಗ್ ಸರಾಸರಿ, 26 ಹೋಮ್ ರನ್. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆಟಗಾರನಾಗಿ ಬ್ರೂಸ್ ಬೋಚಿ ಅವರ ಲೆಕ್ಕ ಇಷ್ಟೇ. ವರ್ಷಕ್ಕೆ 162 ಪಂದ್ಯ ನಡೆಯುವ ಲೀಗಿನಲ್ಲಿ ಅವರು ಕಣಕ್ಕಿಳಿದದ್ದು ವರ್ಷಕ್ಕೆ ನಲವತ್ತರಷ್ಟು ಪಂದ್ಯಗಳಲ್ಲಿ. ಉಳಿದ ದಿನಗಳಲ್ಲಿ ಅವರು ಎರಡನೇ ಕ್ಯಾಚರ್, ಅಂದರೆ ಮುಖ್ಯ ಕ್ಯಾಚರ್‌ಗೆ ಪೆಟ್ಟಾದರೆ ಅಥವಾ ವಿಶ್ರಾಂತಿ ಬೇಕಾದರೆ ಕವಚ ತೊಟ್ಟು ಹೋಗುವವರು.

ಇದೇ ಬೋಚಿ ಮ್ಯಾನೇಜರ್ ಆಗಿ 2,252 ಪಂದ್ಯ ಗೆದ್ದರು. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡಕ್ಕೆ 2010, 2012, 2014ರಲ್ಲಿ, ಟೆಕ್ಸಸ್ ರೇಂಜರ್ಸ್ ತಂಡಕ್ಕೆ 2023ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಅಂತಿಮ ಸರಣಿ, ಗೆದ್ದುಕೊಟ್ಟರು. ನಾಲ್ಕು ಅಥವಾ ಹೆಚ್ಚು ಬಾರಿ ಅದನ್ನು ಗೆದ್ದ ಮ್ಯಾನೇಜರ್‌ಗಳು ಇಡೀ ಇತಿಹಾಸದಲ್ಲಿ ಆರೇ ಮಂದಿ. ಅವರಲ್ಲಿ ಕಾನಿ ಮ್ಯಾಕ್ ಮತ್ತು ಜೋ ಟೋರಿ ಕೂಡ ಕ್ಯಾಚರ್ ಕೆಲಸ ಮಾಡಿ ಬಂದವರು. ಕ್ಯಾಚರ್‌ಗಳು ತಂಡ ನಡೆಸುವುದರಲ್ಲಿ ಹೀಗೆ ಮೇಲೆ ಬರುವುದೇಕೆ? ಉತ್ತರ ಆ ಕೆಲಸದ ಒಳಗೇ ಇದೆ. ಬೋಚಿಯವರ ದಾರಿಯನ್ನು ಹಂತಹಂತವಾಗಿ ನೋಡಿದರೆ ಅದು ಕಾಣುತ್ತದೆ.

ಮೊದಲು ಎರಡು ಮಾತು ಬಿಡಿಸಿ ಹೇಳಬೇಕು

ಕ್ರಿಕೆಟ್ ನೋಡಿ ಬೆಳೆದವರು ಕ್ಯಾಚರ್ ಎಂದರೆ ವಿಕೆಟ್‌ಕೀಪರ್ ಎಂದುಕೊಳ್ಳುತ್ತಾರೆ. ಕೂರುವ ಜಾಗ ಒಂದೇ ರೀತಿ, ಆದರೆ ಅಧಿಕಾರ ಬೇರೆ. ಸ್ಟಂಪಿನ ಹಿಂದೆ ಸೈಯದ್ ಕಿರ್ಮಾನಿಯಂಥವರು ನಿಂತಿದ್ದರೂ ಮುಂದಿನ ಎಸೆತ ಗೂಗ್ಲಿಯೋ ನೇರವೋ ಎಂಬುದು ಚಂದ್ರಶೇಖರ್ ಅವರ ಕೈಯಲ್ಲಿತ್ತು. ಬೇಸ್‌ಬಾಲ್‌ನಲ್ಲಿ ಪ್ರತಿ ಎಸೆತಕ್ಕೂ ಮೊದಲು ಯಾವ ಬಗೆಯ ಎಸೆತ, ಯಾವ ಮೂಲೆಗೆ ಎಂದು ಸೂಚಿಸುವವನು ಕ್ಯಾಚರ್. ಪಿಚರ್, ಅಂದರೆ ಚೆಂಡು ಎಸೆಯುವವನು, ತಲೆಯಾಡಿಸಿ ಒಪ್ಪಬಹುದು, ಒಪ್ಪದಿರಬಹುದು. ಆದರೆ ಪ್ರಸ್ತಾಪ ಬರುವುದು ಕ್ಯಾಚರ್‌ನಿಂದ.

ಎರಡನೆಯದು, ಇಲ್ಲಿ ಅಂಗಳದಲ್ಲಿ ನಿಂತು ಆಟ ನಡೆಸುವ ನಾಯಕನಿಲ್ಲ. ಆ ಕೆಲಸ ಡಗ್‌ಔಟಿನಲ್ಲಿ ಕೂತ ಮ್ಯಾನೇಜರ್‌ದು. ಬ್ಯಾಟಿಂಗ್ ಕ್ರಮ, ಯಾರ ಬದಲಿಗೆ ಯಾರು, ಪಿಚರ್ ಬದಲಾವಣೆ ಎಲ್ಲವೂ ಅವರ ತೀರ್ಮಾನ. ಒಮ್ಮೆ ಹೊರಬಂದ ಆಟಗಾರ ಆ ಪಂದ್ಯಕ್ಕೆ ಮರಳುವಂತಿಲ್ಲ ಎಂಬ ನಿಯಮ ಸೇರಿದಾಗ ಆ ತೀರ್ಮಾನದ ತೂಕ ಗೊತ್ತಾಗುತ್ತದೆ. ಸ್ಪೆಲ್ ಮುಗಿಸಿದ ಬೌಲರ್‌ಗೆ ಮತ್ತೆ ಚೆಂಡು ಕೊಡಬಹುದು. ತೆಗೆದ ಪಿಚರ್‌ಗೆ ಕೊಡಲಾಗದು.

ಕುಕ್ಕರಗಾಲಿನ ಕೆಲಸ

ಪಿಚರ್ ನಿಲ್ಲುವ ಮಣ್ಣಿನ ದಿಬ್ಬದಿಂದ ಬ್ಯಾಟರ್ ಬದಿಯಲ್ಲಿ ನಿಲ್ಲುವ ಹೋಮ್ ಪ್ಲೇಟಿಗೆ 60 ಅಡಿ 6 ಅಂಗುಲ. ಗಂಟೆಗೆ 95 ಮೈಲಿ, ಅಂದರೆ ಸುಮಾರು 153 ಕಿಲೋಮೀಟರ್ ವೇಗದ ಎಸೆತ ಆ ದೂರ ದಾಟಲು ಬೇಕಾದದ್ದು ಸುಮಾರು 0.4 ಸೆಕೆಂಡ್. ಮುಖಕ್ಕೆ ಜಾಲರಿಯ ಮಾಸ್ಕ್, ಎದೆಗೆ ಕವಚ, ಮೊಣಕಾಲಿನಿಂದ ಪಾದದವರೆಗೆ ಗಾರ್ಡು, ಕೈಗೆ ದಪ್ಪ ಮಿಟ್ ಹಾಕಿಕೊಂಡ ಕ್ಯಾಚರ್ ಒಂದು ಪಂದ್ಯದಲ್ಲಿ ಇಂಥ 140–150 ಎಸೆತಗಳಿಗೆ ಕುಕ್ಕರಗಾಲಿನಲ್ಲಿ ಕೂತು ಏಳುತ್ತಾನೆ. ಒಂಬತ್ತು ಮಂದಿಯಲ್ಲಿ ಉಳಿದ ಎಂಟು ಜನರೂ ಅವನ ಕಡೆ ಮುಖ ಮಾಡಿರುತ್ತಾರೆ. ಇಡೀ ಅಂಗಳ ಎದುರಿಗೆ ಕಾಣುವುದು ಅವನೊಬ್ಬನಿಗೆ.

ಅವನು ನೋಡುವುದು ಮೊದಲು ಬ್ಯಾಟರ್‌ನ ಕಾಲು. ಹಿಂದಿನ ಬಾರಿಗಿಂತ ಪ್ಲೇಟಿಗೆ ಒಂದಂಗುಲ ಹತ್ತಿರ ನಿಂತಿದ್ದಾನೆಯೇ? ಹಾಗಿದ್ದರೆ ಹೊರ ಅಂಚಿನ ಎಸೆತಕ್ಕೆ ಕಾಯುತ್ತಿದ್ದಾನೆ, ಒಳಕ್ಕೆ ವೇಗದ ಎಸೆತ ಕೇಳಬೇಕು. ಹಿಂದಿನ ವೇಗದ ಎಸೆತವನ್ನು ನೇರ ಹಿಂದಕ್ಕೆ ಫೌಲ್ ಹೊಡೆದನೇ? ಅವನ ಸಮಯ ಸರಿಯಾಗಿದೆ, ಕೂದಲೆಳೆಯಷ್ಟು ಕೆಳಗೆ ತಾಗಿದೆ ಅಷ್ಟೇ. ಅದೇ ಎಸೆತವನ್ನು ಮತ್ತೆ ಕೇಳಬಾರದು. ತಡವಾಗಿ ಬೀಸಿ ಬದಿಗೆ ಹೊಡೆದನೇ? ಹಾಗಾದರೆ ನಿಧಾನದ ಎಸೆತ ಕೇಳುವುದು ಅವನಿಗೆ ಉಪಕಾರ ಮಾಡಿದಂತೆ. ಪಂದ್ಯ ಮುಗಿಯುವಷ್ಟರಲ್ಲಿ ಇಂಥ ನೂರೈವತ್ತು ತೀರ್ಮಾನಗಳಾಗಿರುತ್ತವೆ.

ಚೆಂಡು ಪ್ಲೇಟಿನ ಮುಂದೆ ನೆಲಕ್ಕೆ ಬಡಿದರೆ ಹಿಡಿಯಲು ಹೋಗಬಾರದು, ತಡೆಯಬೇಕು. ಎರಡೂ ಮೊಣಕಾಲು ನೆಲಕ್ಕೆ, ಮಿಟ್ ಕಾಲುಗಳ ನಡುವಿನ ಸಂದಿಗೆ, ಗಲ್ಲ ಎದೆಗೆ, ಭುಜ ಒಳಕ್ಕೆ ಬಾಗಬೇಕು. ಆಗ ಚೆಂಡು ಕವಚಕ್ಕೆ ಬಡಿದು ಮುಂದೆಯೇ ಬೀಳುತ್ತದೆ. ಹೆದರಿ ಮುಖ ತಿರುಗಿಸಿದರೆ ಗಂಟಲು ಬಯಲಾಗುತ್ತದೆ. ಕೈಚಾಚಿ ಹಿಡಿಯಲು ಹೋದರೆ ಚೆಂಡು ಬದಿಗೆ ಹಾರಿ, ಬೇಸಿನಲ್ಲಿ (ರನ್ ಗಳಿಸಲು ಸುತ್ತಿ ಬರಬೇಕಾದ ನೆಲೆಗಳಲ್ಲೊಂದು) ಇರುವ ಓಟಗಾರ ಮುಂದೋಡುತ್ತಾನೆ. ಇದರ ದೊಡ್ಡ ನಷ್ಟ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ: ಮೂರನೇ ಬೇಸಿನಲ್ಲಿ ಓಟಗಾರನಿರುವಾಗ ಕ್ಯಾಚರ್ ತಡೆಯುತ್ತಾನೆಂಬ ನಂಬಿಕೆ ಇಲ್ಲದಿದ್ದರೆ, ಕೆಳಕ್ಕೆ ಇಳಿಯುವ ತನ್ನ ಅತ್ಯುತ್ತಮ ಎಸೆತವನ್ನು ಪಿಚರ್ ಹಾಕುವುದೇ ಇಲ್ಲ.

ಬೇಸ್ ಕದಿಯುವುದನ್ನು, ಅಂದರೆ ಪಿಚರ್ ಎಸೆಯುವಾಗಲೇ ಓಟಗಾರ ಮುಂದಿನ ಬೇಸಿಗೆ ಓಡುವುದನ್ನು, ತಡೆಯುವ ಲೆಕ್ಕವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದೆ ಮ್ಯಾನೇಜರ್ ಆದಾಗಲೂ ಅದೇ ಲೆಕ್ಕ. ಹೋಮ್ ಪ್ಲೇಟಿನಿಂದ ಎರಡನೇ ಬೇಸಿಗೆ 127 ಅಡಿಗಿಂತ ತುಸು ಹೆಚ್ಚು. ಚೆಂಡು ಮಿಟ್ಟಿಗೆ ಬಿದ್ದಲ್ಲಿಂದ ಎರಡನೇ ಬೇಸ್ ತಲುಪುವವರೆಗೆ ಒಳ್ಳೆಯ ಕ್ಯಾಚರ್‌ಗೆ 2.0 ಸೆಕೆಂಡ್ ಬೇಕು, ಅತಿ ಚುರುಕಿನವನಿಗೆ 1.9. ಪಿಚರ್ ಚಲನೆ ಆರಂಭಿಸಿ ಚೆಂಡು ಪ್ಲೇಟಿಗೆ ಬರಲು 1.3. ಒಟ್ಟು 3.3 ಸೆಕೆಂಡ್. ವೇಗದ ಓಟಗಾರನಿಗೆ ಬೇಕಾದದ್ದು ಸುಮಾರು 3.4. ಉಳಿಯುವ ಒಂದು ದಶಾಂಶ ಸೆಕೆಂಡಿನಲ್ಲಿ ಮುಟ್ಟಿಸಿ ಔಟ್ ಮಾಡಬೇಕು. ಪಿಚರ್ 1.5 ತೆಗೆದುಕೊಂಡರೆ ಯಾವ ಕ್ಯಾಚರ್‌ನ ತೋಳಿನಿಂದಲೂ ಆಗದು. ಹಾಗಾಗಿ ಕಳವಾದ ಬೇಸಿನ ಹೊಣೆ ಬಹುಪಾಲು ಪಿಚರ್‌ದೇ. ಕ್ಯಾಚರ್ ಆಗಿದ್ದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಂಚಿನ ಮೇಲಿನ ಒಂಬತ್ತು ವರ್ಷ

ಬೋಚಿ ಹುಟ್ಟಿದ್ದು 1955ರಲ್ಲಿ ಫ್ರಾನ್ಸಿನಲ್ಲಿ. ತಂದೆ ಅಲ್ಲಿ ನೆಲೆಸಿದ್ದ ಅಮೆರಿಕನ್ ಸೇನೆಯಲ್ಲಿದ್ದರು. ಬೆಳೆದದ್ದು ಫ್ಲಾರಿಡಾದಲ್ಲಿ. ಹ್ಯೂಸ್ಟನ್ ಆ್ಯಸ್ಟ್ರೋಸ್ ಅವರನ್ನು 1975ರಲ್ಲಿ ಆರಿಸಿಕೊಂಡಿತು, 1978ರಲ್ಲಿ ಮೇಜರ್ ಲೀಗಿಗೆ ಕರೆಯಿತು. 1982ರಲ್ಲಿ ನ್ಯೂಯಾರ್ಕ್ ಮೆಟ್ಸ್, 1983ರಿಂದ 1987ರವರೆಗೆ ಸ್ಯಾನ್ ಡಿಯೇಗೊ ಪಾಡ್ರೆಸ್. ಪಾಡ್ರೆಸ್‌ನಲ್ಲಿ ಅವರ ಮುಂದೆ ಟೆರ್ರಿ ಕೆನಡಿ ಇದ್ದರು; ಕೆನಡಿ ಹೋದ ಮೇಲೆ 1987ರಲ್ಲಿ ಬೆನಿಟೊ ಸ್ಯಾಂಟಿಯಾಗೊ ಬಂದು ಸತತ 34 ಪಂದ್ಯಗಳಲ್ಲಿ ಹಿಟ್ (ಹೊಡೆದು ಬೇಸ್ ತಲುಪುವುದು) ಗಳಿಸಿದರು. ಎರಡೂ ಕಾಲದಲ್ಲಿ ಬೋಚಿ ಎರಡನೆಯವರೇ. ಬ್ಯಾಟಿನಿಂದ ನೆನಪಿಡುವ ಗಳಿಗೆ ಒಂದಿದೆ: 1985ರಲ್ಲಿ ಹೆಸರಾಂತ ಪಿಚರ್ ನೋಲನ್ ರಯನ್ ಎಸೆತಕ್ಕೆ ಪಂದ್ಯವನ್ನೇ ಮುಗಿಸಿದ ಹೋಮ್ ರನ್. ರಯನ್ ತಮ್ಮ ಇಡೀ ವೃತ್ತಿಜೀವನದಲ್ಲಿ ಅಂಥದ್ದನ್ನು ಬಿಟ್ಟುಕೊಟ್ಟದ್ದು ಅದೊಂದೇ.

ಎರಡನೇ ಕ್ಯಾಚರ್‌ನ ದಿನ ಹೇಗಿರುತ್ತದೆ ಎಂಬುದು ಮುಖ್ಯ. ಪಂದ್ಯಕ್ಕೆ ಮೊದಲು ಅವನು ಪಿಚರ್‌ಗಳ ಅಭ್ಯಾಸದ ಎಸೆತ ಹಿಡಿಯುತ್ತಾನೆ. ಪಂದ್ಯದ ನಡುವೆ, ಬದಲಿ ಪಿಚರ್‌ಗಳು ಸಿದ್ಧವಾಗುವ ಬುಲ್‌ಪೆನ್‌ನಲ್ಲಿ ಕೈ ಕಾಯಿಸಿಕೊಳ್ಳುವವರಿಗೆ ಮಿಟ್ ಹಿಡಿಯುವ ಕೆಲಸವೂ ಅವನ ಪಾಲಿಗೆ ಬರುತ್ತದೆ. ಯಾರ ತೋಳು ಎಷ್ಟು ಎಸೆತದಲ್ಲಿ ಸಡಿಲವಾಗುತ್ತದೆ, ನಿನ್ನೆ ಎಸೆದವನ ಸ್ಲೈಡರ್ ಇಂದು ಯಾಕೆ ತಿರುಗುತ್ತಿಲ್ಲ, ಯಾರು ಎದ್ದು ಸಿದ್ಧನಾಗಿ ಕರೆ ಬರದೆ ಮತ್ತೆ ಕೂತ, ಇವೆಲ್ಲ ಅವನ ಅಂಗೈಗೆ ಗೊತ್ತಾಗುತ್ತವೆ. ಬುಲ್‌ಪೆನ್‌ನಲ್ಲಿ ಎಸೆದ ಇಪ್ಪತ್ತು-ಇಪ್ಪತ್ತೈದು ಚೆಂಡು ಅಂಕಪಟ್ಟಿಗೆ ಬರುವುದಿಲ್ಲ, ಆದರೆ ತೋಳಿಗೆ ಬರುತ್ತದೆ. ಮೂರು ದಿನ ಸತತವಾಗಿ ಎಬ್ಬಿಸಿ ಕೂರಿಸಿದ ಪಿಚರ್ ನಾಲ್ಕನೇ ದಿನ ಸೋತರೆ ಅದಕ್ಕೆ ಕಾರಣ ಕಾಗದದಲ್ಲಿ ಸಿಗುವುದಿಲ್ಲ.

ಉಳಿದ ಹೊತ್ತು ಅವನು ಡಗ್‌ಔಟಿನಲ್ಲಿ ಮ್ಯಾನೇಜರ್ ಬದಿಯಲ್ಲಿರುತ್ತಾನೆ. ಬೋಚಿ ಬಿಲ್ ವರ್ಡನ್, ಡಿಕ್ ವಿಲಿಯಮ್ಸ್, ಲ್ಯಾರಿ ಬೋವಾ ಹೀಗೆ ಒಬ್ಬರಿಗೊಬ್ಬರು ಹೋಲದ ಮ್ಯಾನೇಜರ್‌ಗಳನ್ನು ಹತ್ತಿರದಿಂದ ನೋಡಿದರು. ಕಠಿಣ ಸ್ವಭಾವದ ವಿಲಿಯಮ್ಸ್ 1984ರಲ್ಲಿ ಪಾಡ್ರೆಸ್ ತಂಡವನ್ನು ಮೊದಲ ಬಾರಿಗೆ ವರ್ಲ್ಡ್ ಸೀರೀಸ್‌ವರೆಗೆ ಒಯ್ದರು.

ಬಸ್ಸಿನ ವರ್ಷಗಳು, ಮೂರನೇ ಬೇಸಿನ ಪೆಟ್ಟಿಗೆ

1988ರಲ್ಲಿ ಬೋಚಿ ಲಾಸ್ ವೇಗಸ್‌ನ ಟ್ರಿಪಲ್-ಎ (ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿನ) ತಂಡದಲ್ಲಿ ಆಡುತ್ತಲೇ ಕೋಚ್ ಆದರು. 1989ರಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ ಮೊದಲ ಬಾರಿ ಮ್ಯಾನೇಜರ್. ನಂತರ ಕ್ಯಾಲಿಫೋರ್ನಿಯಾದ ರಿವರ್‌ಸೈಡ್, ಹೈ ಡೆಸರ್ಟ್, 1992ರಲ್ಲಿ ಕ್ಯಾನ್ಸಸ್‌ನ ವಿಚಿಟಾ. ನಾಲ್ಕು ವರ್ಷದಲ್ಲಿ ಮೂರು ಲೀಗ್ ಪ್ರಶಸ್ತಿ ಬಂದವು. ಆದರೆ ಈ ಕೆಳಹಂತದ ಲೀಗುಗಳಲ್ಲಿ ಗೆಲುವೇ ಗುರಿಯಲ್ಲ. ಯಾವ ಪಿಚರ್ ಎಷ್ಟು ಎಸೆಯಬೇಕೆಂದು ಮೇಲಿನ ತಂಡ ಹೇಳಿ ಕಳಿಸಿರುತ್ತದೆ. ಒಳ್ಳೆಯ ಆಟಗಾರನನ್ನು ಋತುವಿನ ನಡುವೆಯೇ ಮೇಲಕ್ಕೆ ಕರೆಸಿಕೊಳ್ಳುತ್ತಾರೆ. ಕೈಯಲ್ಲಿ ಉಳಿದವರನ್ನಿಟ್ಟುಕೊಂಡು ಆಡಿಸುವುದು, ಇನ್ನು ಸಾಕು ಎಂದು ಇಪ್ಪತ್ತೆರಡು ವರ್ಷದ ಹುಡುಗನಿಗೆ ಹೇಳಿ ಮನೆಗೆ ಕಳಿಸುವುದು, ಇವು ಅಲ್ಲಿನ ಪಾಠ.

1993–94ರಲ್ಲಿ ಪಾಡ್ರೆಸ್ ತಂಡಕ್ಕೆ ಮೂರನೇ ಬೇಸಿನ ಕೋಚ್. ಎರಡನೇ ಬೇಸಿನಿಂದ ಓಡಿ ಬರುವವನನ್ನು ಹೋಮ್ ಪ್ಲೇಟಿಗೆ ಕಳಿಸಬೇಕೋ ತಡೆಯಬೇಕೋ ಎಂದು ಒಂದು ಸೆಕೆಂಡಿನಲ್ಲಿ ಹೇಳುವವರು ಇವರು. ಮೂವರು ಔಟಾದರೆ ಸರದಿ ಮುಗಿಯುವುದರಿಂದ, ಈಗಾಗಲೇ ಇಬ್ಬರು ಔಟಾಗಿದ್ದರೆ ಧೈರ್ಯ ಮಾಡಬಹುದು, ಏಕೆಂದರೆ ಮುಂದಿನ ಬ್ಯಾಟರ್‌ನಿಂದ ಹಿಟ್ ಬರುವ ಸಾಧ್ಯತೆ ಹೇಗಿದ್ದರೂ ನಾಲ್ಕರಲ್ಲಿ ಒಂದು. ಯಾರೂ ಔಟಾಗದಿದ್ದರೆ ತಡೆಯುವುದೇ ಸರಿ. ಫೀಲ್ಡರ್ ಚೆಂಡು ಎತ್ತುವಾಗ ಅವನ ದೇಹ ಎತ್ತ ವಾಲಿದೆ, ಎಸೆತ ಪ್ಲೇಟಿನ ಯಾವ ಬದಿಗೆ ಬಂದು ಕ್ಯಾಚರ್‌ನನ್ನು ಎಳೆದೊಯ್ಯುತ್ತದೆ ಎಂಬುದನ್ನು ಅಂದಾಜಿಸಲು, ಅಂಥ ಎಸೆತಗಳನ್ನು ವರ್ಷಗಟ್ಟಲೆ ಹಿಡಿದವನಿಗಿಂತ ಹತ್ತಿರದವರು ಯಾರಿದ್ದಾರೆ?

ಪಿಚರ್‌ನನ್ನು ಯಾವಾಗ ತೆಗೆಯಬೇಕು

1995ರಲ್ಲಿ ಬೋಚಿ ಪಾಡ್ರೆಸ್‌ನ ಮ್ಯಾನೇಜರ್ ಆದರು. 1996ರಲ್ಲಿ ನ್ಯಾಷನಲ್ ಲೀಗಿನ (ಮೇಜರ್ ಲೀಗಿನ ಎರಡು ಭಾಗಗಳಲ್ಲೊಂದು, ಇನ್ನೊಂದು ಅಮೆರಿಕನ್ ಲೀಗ್) ವರ್ಷದ ಮ್ಯಾನೇಜರ್ ಎನಿಸಿಕೊಂಡರು, 1998ರಲ್ಲಿ ತಂಡವನ್ನು ವರ್ಲ್ಡ್ ಸೀರೀಸ್‌ಗೆ ಒಯ್ದು ನ್ಯೂಯಾರ್ಕ್ ಯಾಂಕೀಸ್ ಎದುರು 4–0ಯಿಂದ ಸೋತರು. 2007ರಿಂದ 2019ರವರೆಗೆ ಜೈಂಟ್ಸ್. ಈ ಅವಧಿಯಲ್ಲಿ ಅವರು ಹೆಸರಾದದ್ದು ಒಂದೇ ವಿದ್ಯೆಗೆ: ಪಿಚರ್‌ಗಳ ಬಳಕೆ.

ದಣಿದ ಪಿಚರ್ ತಾನು ದಣಿದೆ ಎನ್ನುವುದಿಲ್ಲ. ಕೇಳಿದರೆ ಚೆನ್ನಾಗಿದ್ದೇನೆ ಎನ್ನುತ್ತಾನೆ. ಹಾಗಾಗಿ ದಿಬ್ಬಕ್ಕೆ ನಡೆದುಹೋದ ಮ್ಯಾನೇಜರ್ ಕ್ಯಾಚರ್‌ನ ಮುಖ ನೋಡುತ್ತಾರೆ. ದಣಿವಿನ ಗುರುತುಗಳು ಇವು: ಕೆಳಗೆ ಕೇಳಿದ ಎಸೆತ ಮೊಣಕಾಲಿನ ಬದಲು ಸೊಂಟದ ಮಟ್ಟಕ್ಕೆ ಬರುತ್ತದೆ, ಮಿಟ್ ಒಂದು ಕಡೆ ಇದ್ದರೆ ಚೆಂಡು ಇನ್ನೊಂದು ಕಡೆ ಬೀಳುತ್ತದೆ, ತೋಳಿನ ಕೋನ ಇಳಿಯುತ್ತದೆ, ಎಸೆತಗಳ ನಡುವೆ ಹೆಚ್ಚು ಹೊತ್ತು ಹಿಡಿಯುತ್ತದೆ. ವೇಗ ಒಂದೆರಡು ಮೈಲಿ ಇಳಿಯುವುದು ಬಹಳ ಸಲ ಇವೆಲ್ಲ ಆದ ಮೇಲೆ. ಪರದೆಯಲ್ಲಿ ವೇಗದ ಅಂಕಿ ಮಾತ್ರ ನೋಡುವವರು ತಡವಾಗಿ ಎಚ್ಚರಗೊಳ್ಳುತ್ತಾರೆ. ಜೊತೆಗೆ, ಅದೇ ಪಿಚರ್‌ನನ್ನು ಒಂದೇ ಪಂದ್ಯದಲ್ಲಿ ಮೂರನೇ ಬಾರಿ ಎದುರಿಸುವ ಬ್ಯಾಟರ್‌ಗೆ ಅವನ ಕೈಚಳಕವೆಲ್ಲ ಆಗಲೇ ಪರಿಚಯವಾಗಿರುತ್ತದೆ.

ನಿಯಮ ಬಲ್ಲವರಿಗೆ ಆಗುವ ಲಾಭಕ್ಕೆ 2010ರ ಜುಲೈ 20 ಒಳ್ಳೆಯ ಉದಾಹರಣೆ. ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನ್ನಿಂಗ್; ಒಂದೇ ಇನ್ನಿಂಗಿನಲ್ಲಿ ಒಬ್ಬ ಪಿಚರ್ ಬಳಿಗೆ ಮ್ಯಾನೇಜರ್ ಅಥವಾ ಕೋಚ್ ಎರಡನೇ ಬಾರಿ ಹೋದರೆ ಆ ಪಿಚರ್‌ನನ್ನು ತೆಗೆಯಲೇಬೇಕು. ಲಾಸ್ ಏಂಜಲಿಸ್‌ನಲ್ಲಿ ಒಂಬತ್ತನೇ ಇನ್ನಿಂಗ್, ಡಾಜರ್ಸ್ 5–4 ಮುಂದು. ಅವರ ಮ್ಯಾನೇಜರ್ ಜೋ ಟೋರಿ ಅಂಪೈರ್‌ರಿಂದ ಹೊರಹಾಕಲ್ಪಟ್ಟಿದ್ದರಿಂದ ಡಾನ್ ಮ್ಯಾಟಿಂಗ್ಲಿ ಆ ಜಾಗದಲ್ಲಿದ್ದರು. ಪಿಚರ್ ಜೊನಾಥನ್ ಬ್ರಾಕ್ಸ್‌ಟನ್ ಜೊತೆ ಮಾತಾಡಿ ದಿಬ್ಬ ಇಳಿದ ಮ್ಯಾಟಿಂಗ್ಲಿ, ಏನೋ ನೆನಪಾಗಿ ಮತ್ತೆ ಹೆಜ್ಜೆ ಹಿಂದಿಟ್ಟರು. ಎದುರು ಡಗ್‌ಔಟಿನಿಂದ ಬೋಚಿ ಬಂದು, ಇದು ಎರಡನೇ ಭೇಟಿ ಎಂದು ಅಂಪೈರ್‌ಗಳಿಗೆ ತೋರಿಸಿದರು. ಬ್ರಾಕ್ಸ್‌ಟನ್ ಹೊರಗೆ ಹೋಗಬೇಕಾಯಿತು. ಕೈ ಸರಿಯಾಗಿ ಕಾಯಿಸಿಕೊಳ್ಳದೆ ಬಂದ ಪಿಚರ್‌ಗೆ ಆಂಡ್ರೆಸ್ ಟೊರೆಸ್ ಎರಡು ರನ್ ತರುವ ಡಬಲ್ (ಎರಡನೇ ಬೇಸ್ ತಲುಪಿಸುವ ಹೊಡೆತ) ಹೊಡೆದರು. ಜೈಂಟ್ಸ್ 7–5ರಿಂದ ಗೆದ್ದಿತು.

ಅದೇ ವರ್ಷ ಪ್ಲೇಆಫ್ ಬಂದಾಗ, ತಂಡದ ಭಾರೀ ಸಂಬಳದ ಪಿಚರ್ ಬ್ಯಾರಿ ಜಿಟೊ ಅವರನ್ನು ಬೋಚಿ ಪಟ್ಟಿಯಿಂದಲೇ ಬಿಟ್ಟರು. 2012ರಲ್ಲಿ ಅದೇ ಜಿಟೊ ಸೇಂಟ್ ಲೂಯಿಸ್ ಎದುರು, ಸೋತರೆ ಹೊರಗೆ ಎಂಬ ಪಂದ್ಯವನ್ನು ಗೆದ್ದುಕೊಟ್ಟರು, ನಂತರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯವನ್ನೂ. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಎರಡು ಬಾರಿ ಪಡೆದಿದ್ದ ಟಿಮ್ ಲಿನ್ಸೆಕಮ್ ಆ ವರ್ಷ ಪಂದ್ಯ ಆರಂಭಿಸುವ ಕೆಲಸದಲ್ಲಿ ಎಡವುತ್ತಿದ್ದರು. ಬೋಚಿ ಅವರನ್ನು ನಡುವಿನ ಇನ್ನಿಂಗುಗಳಿಗೆ ತಂದರು, ಅಲ್ಲಿ ಅವರು ಮಿಂಚಿದರು. ನಿನ್ನೆಯ ಹೆಸರನ್ನು ಬದಿಗಿಟ್ಟು ಇವತ್ತಿನ ಎಸೆತ ನೋಡುವ ಕಣ್ಣು ಇದು.

2014ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ ಈ ವಿದ್ಯೆಯ ತುದಿ. ಎದುರಾಳಿ ಕ್ಯಾನ್ಸಸ್ ಸಿಟಿ ರಾಯಲ್ಸ್; ಅವರ ಮ್ಯಾನೇಜರ್ ನೆಡ್ ಯೋಸ್ಟ್ ಕೂಡ ಹಳೆಯ ಕ್ಯಾಚರ್. ಆರಂಭಿಸಿದ ಟಿಮ್ ಹಡ್ಸನ್ ಎರಡನೇ ಇನ್ನಿಂಗಿನಲ್ಲೇ ತಡವರಿಸಿದಾಗ, ಐದು ಔಟ್ ಆದ ಕೂಡಲೇ ಬೋಚಿ ಅವರನ್ನು ತೆಗೆದರು. ಜೆರೆಮಿ ಆಫೆಲ್ಟ್ ಏಳು ಔಟ್ ತಂದರು. ಐದನೇ ಇನ್ನಿಂಗಿಗೆ ಬಂದವರು ಮ್ಯಾಡಿಸನ್ ಬಮ್‌ಗಾರ್ನರ್, ಐದನೇ ಪಂದ್ಯದಲ್ಲಿ 117 ಎಸೆತ ಎಸೆದು ಎರಡೇ ದಿನದ ವಿಶ್ರಾಂತಿಯಲ್ಲಿದ್ದವರು. ಒಂದೆರಡು ಇನ್ನಿಂಗ್ ಸಾಕೆಂದು ಬೇರೆಯವರು ತೆಗೆದುಬಿಡುತ್ತಿದ್ದರೇನೋ. ಎಸೆತ ಮಿಟ್ ಇದ್ದಲ್ಲಿಗೇ ಬರುತ್ತಿತ್ತು, ಬ್ಯಾಟರ್‌ಗಳು ತಡವಾಗಿ ಬೀಸುತ್ತಿದ್ದರು, ಬೋಚಿ ಬದಲಿಸಲಿಲ್ಲ. ಐದು ಇನ್ನಿಂಗ್, 68 ಎಸೆತ. ಕೊನೆಯಲ್ಲಿ ಮೂರನೇ ಬೇಸಿನಲ್ಲಿ ಸಮಬಲದ ರನ್ ಕಾದಿರುವಾಗ, ಸಾಲ್ವಡೋರ್ ಪೆರೆಸ್‌ಗೆ ಎತ್ತರದ ವೇಗದ ಎಸೆತಗಳನ್ನೇ ಹಾಕಿ ಕ್ಯಾಚ್ ಎಬ್ಬಿಸಿದರು. 3–2.

ಇದೇ ವಿದ್ಯೆ ಕೈಕೊಟ್ಟದ್ದೂ ಇದೆ. 2016ರ ಪ್ಲೇಆಫ್‌ನಲ್ಲಿ ಶಿಕಾಗೊ ಕಬ್ಸ್ ಎದುರು ನಾಲ್ಕನೇ ಪಂದ್ಯ. ಮ್ಯಾಟ್ ಮೂರ್ ಎಂಟು ಇನ್ನಿಂಗ್‌ನಲ್ಲಿ ಎರಡೇ ಹಿಟ್ ಕೊಟ್ಟಿದ್ದರು, 120 ಎಸೆತ ಆಗಿತ್ತು, ಜೈಂಟ್ಸ್ 5–2 ಮುಂದು. ಒಂಬತ್ತನೇ ಇನ್ನಿಂಗಿಗೆ ಬೋಚಿ ಬುಲ್‌ಪೆನ್ ಕರೆದರು. ಬ್ಯಾಟರ್‌ನ ಎಡಗೈ-ಬಲಗೈ ನೋಡಿ ಒಬ್ಬರ ಹಿಂದೆ ಒಬ್ಬರಂತೆ ಐವರು ಪಿಚರ್‌ಗಳು ಬಂದರು. ನಾಲ್ಕು ರನ್ ಹೋಯಿತು, 6–5ರ ಸೋಲು, ಋತು ಮುಗಿಯಿತು. ಕಾಗದದಲ್ಲಿ ಒಂದೊಂದು ಬದಲಾವಣೆಯೂ ಸರಿಯೇ. ಆದರೆ ಪ್ರತಿ ಹೊಸ ಪಿಚರ್ ಜೊತೆ, ಇವತ್ತು ಅವನ ತೋಳು ಹೇಗಿದೆ ಎಂಬ ಗೊತ್ತಿಲ್ಲದ ಸಂಗತಿಯೂ ಬರುತ್ತದೆ. ಐವರನ್ನು ತಂದರೆ ಐದು ಬಾರಿ ಪಣ ಕಟ್ಟಿದಂತೆ. ಒಂಬತ್ತನೇ ಇನ್ನಿಂಗ್ ಇವನದು ಎಂದು ನೆಚ್ಚುವ ಒಬ್ಬ ಪಿಚರ್ ಆ ವರ್ಷ ಅವರ ಬಳಿ ಉಳಿದಿರಲಿಲ್ಲ.

ಪೋಸಿಯ ಕಾಲು

ಕ್ಯಾಚರ್ ಬದಲಾಯಿಸುವುದು ಪಿಚರ್ ಬದಲಾಯಿಸುವುದಕ್ಕಿಂತ ಸೂಕ್ಷ್ಮ, ಏಕೆಂದರೆ ಹತ್ತು ಹನ್ನೆರಡು ಪಿಚರ್‌ಗಳ ನಂಬಿಕೆಯೂ ಬದಲಾಗಬೇಕು. 2010ರಲ್ಲಿ ಪಿಚರ್‌ಗಳು ನೆಚ್ಚಿಕೊಂಡಿದ್ದ ಹಿರಿಯ ಕ್ಯಾಚರ್ ಬೆಂಜಿ ಮೊಲೀನಾ ಇದ್ದರು. ಮೇ ಕೊನೆಯಲ್ಲಿ ಬಂದ ಬಸ್ಟರ್ ಪೋಸಿ ಅವರನ್ನು ಬೋಚಿ ಮೊದಲು ಹೆಚ್ಚಾಗಿ ಮೊದಲನೇ ಬೇಸಿನಲ್ಲಿ ಆಡಿಸಿದರು. ಒಂದು ತಿಂಗಳ ನಂತರ ಮೊಲೀನಾ ಟೆಕ್ಸಸ್‌ಗೆ ಹೋದ ಮೇಲೆ ಮಿಟ್ ಪೋಸಿ ಕೈಗೆ ಬಂತು.

2011ರ ಮೇ 25ರಂದು ಹೋಮ್ ಪ್ಲೇಟಿನಲ್ಲಿ ಓಟಗಾರನೊಬ್ಬ ನುಗ್ಗಿ ಡಿಕ್ಕಿ ಹೊಡೆದು ಪೋಸಿಯ ಕಾಲು ಮುರಿಯಿತು, ಋತುವೇ ಹೋಯಿತು. ಆ ಕಾಲದ ನಿಯಮದಲ್ಲಿ ಅದು ತಪ್ಪಲ್ಲ. ನಿಯಮವೇ ಬದಲಾಗಬೇಕೆಂದು ಬೋಚಿ ಬಹಿರಂಗವಾಗಿ ವಾದಿಸಿದರು. ಅಂಥ ಡಿಕ್ಕಿಯ ಹೊಡೆತ ಅವರಿಗೆ ಕೇಳಿ ತಿಳಿದದ್ದಲ್ಲ. 2014ರಿಂದ, ದಾರಿ ಬಿಟ್ಟು ಕ್ಯಾಚರ್ ಮೇಲೆ ನುಗ್ಗುವುದನ್ನೂ, ಚೆಂಡು ಕೈಯಲ್ಲಿಲ್ಲದ ಕ್ಯಾಚರ್ ದಾರಿಗೆ ಅಡ್ಡ ಕೂರುವುದನ್ನೂ ನಿಷೇಧಿಸಲಾಯಿತು. ಈಗ ಕ್ಯಾಚರ್ ಪ್ಲೇಟಿನ ಮುಂದೆ ಒಂದು ಬದಿಗೆ ನಿಂತು ಚೆಂಡು ಹಿಡಿದು, ಆಮೇಲೆ ಮಿಟ್ ಬೀಸಿ ಮುಟ್ಟಿಸುತ್ತಾನೆ. ಪೋಸಿ 2012ರಲ್ಲಿ ಮರಳಿ ಬಂದು ನ್ಯಾಷನಲ್ ಲೀಗಿನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡರು.

ಮೂರು ವರ್ಷ ಬಿಟ್ಟು ಬಂದಾಗ

2019ರಲ್ಲಿ ನಿಲ್ಲಿಸಿದ್ದ ಬೋಚಿಯವರನ್ನು 2022ರ ಅಕ್ಟೋಬರ್‌ನಲ್ಲಿ ಟೆಕ್ಸಸ್‌ಗೆ ಕರೆದದ್ದು, 2006ರಲ್ಲಿ ಅವರ ಕೈಕೆಳಗೆ ಪಿಚರ್ ಆಗಿದ್ದ ಕ್ರಿಸ್ ಯಂಗ್. ನಡುವೆ ಆಟ ಬಹಳ ಬದಲಾಗಿತ್ತು. ಒಬ್ಬ ಬ್ಯಾಟರ್‌ಗಾಗಿ ಒಬ್ಬ ಪಿಚರ್ ತರುವ ಅವರ ಹಳೆಯ ತಂತ್ರಕ್ಕೆ 2020ರ ನಿಯಮ ಅಡ್ಡಬಂತು: ಬಂದವನು ಮೂವರನ್ನು ಎದುರಿಸಬೇಕು, ಇಲ್ಲವೇ ಇನ್ನಿಂಗ್ ಮುಗಿಸಬೇಕು. 2022ರಿಂದ ಬೆರಳ ಸನ್ನೆಯ ಬದಲು ಪಿಚ್‌ಕಾಮ್ ಎಂಬ ಗುಂಡಿಯ ಸಾಧನ ಬಂತು. 2023ರಲ್ಲಿ ಎಸೆತಕ್ಕೆ ಗಡಿಯಾರ ಬಂತು, ಬೇಸುಗಳು 15 ಅಂಗುಲದಿಂದ 18ಕ್ಕೆ ಹಿಗ್ಗಿದವು, ಬೇಸಿನಲ್ಲಿರುವವನನ್ನು ಹೆದರಿಸಿ ನಿಲ್ಲಿಸುವ ಎಸೆತಗಳಿಗೆ ಮಿತಿ ಬಿತ್ತು.

ಆ ಋತುವಿನಲ್ಲಿ ಟೆಕ್ಸಸ್ ಬುಲ್‌ಪೆನ್ ಉಳಿಸಿಕೊಂಡ ಮುನ್ನಡೆಗಳಿಗಿಂತ ಕಳೆದುಕೊಂಡವೇ ಹೆಚ್ಚು. ಪ್ಲೇಆಫ್‌ನಲ್ಲಿ ಬೋಚಿ ನಂಬಿದ ಮೂರ್ನಾಲ್ಕು ತೋಳುಗಳಿಗೆ ಕೆಲಸ ಕೂಡಿಸಿದರು, ಅವರಿಂದ ಒಂದಕ್ಕಿಂತ ಹೆಚ್ಚು ಇನ್ನಿಂಗ್ ಕೇಳಿದರು. ಅರಿಜೋನಾ ಎದುರಿನ ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯದಲ್ಲಿ ಜೋಶ್ ಸ್ಬೋರ್ಜ್ ಕೊನೆಯ ಏಳು ಔಟ್ ತಂದರು. ಆ ಪ್ಲೇಆಫ್‌ನಲ್ಲಿ ಪರ ಊರಿನಲ್ಲಿ ಆಡಿದ ಹನ್ನೊಂದೂ ಪಂದ್ಯಗಳನ್ನು ಟೆಕ್ಸಸ್ ಗೆದ್ದಿತು. 2025ರ ಋತು ಮುಗಿದ ಮೇಲೆ ಬೋಚಿ ತಂಡ ಬಿಟ್ಟರು. ಅವರ ಒಟ್ಟು ಲೆಕ್ಕದಲ್ಲಿ ಗೆಲುವಿಗಿಂತ ಸೋಲು ಹದಿನಾಲ್ಕು ಹೆಚ್ಚು. ಬಡ ತಂಡಗಳನ್ನೂ ಅಷ್ಟು ವರ್ಷ ನಡೆಸಿದ್ದರ ಗುರುತು ಅದು. ಆ ಅಂಕಿಯನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಇಂದಿನ ಕ್ಯಾಚರ್‌ಗಳ ದಾರಿ ಚಿಕ್ಕದಾಗಿದೆ. ಬೋಚಿಗೆ ಆಟ ಬಿಟ್ಟು ಮ್ಯಾನೇಜರ್ ಆಗಲು ಏಳು ವರ್ಷ ಹಿಡಿಯಿತು. ಸ್ಟೀಫನ್ ವೋಗ್ಟ್ 2022ರಲ್ಲಿ ಆಟ ನಿಲ್ಲಿಸಿ, ಒಂದು ವರ್ಷ ಸಿಯಾಟಲ್‌ನಲ್ಲಿ ಬುಲ್‌ಪೆನ್ ಕೋಚ್ ಆಗಿ, 2024ರಲ್ಲಿ ಕ್ಲೀವ್‌ಲ್ಯಾಂಡ್ ಮ್ಯಾನೇಜರ್ ಆದರು. ಮೊದಲ ವರ್ಷವೇ ಅಮೆರಿಕನ್ ಲೀಗಿನ ವರ್ಷದ ಮ್ಯಾನೇಜರ್ ಪ್ರಶಸ್ತಿ ಪಡೆದರು. ಹಳೆಯ ಕ್ಯಾಚರ್ ಕೆವಿನ್ ಕ್ಯಾಶ್ ಕೂಡ ಟ್ಯಾಂಪಾ ಬೇ ಮ್ಯಾನೇಜರ್ ಆಗುವ ಮೊದಲು ಬುಲ್‌ಪೆನ್ ಕೋಚ್ ಆಗಿದ್ದವರೇ.

ಇನ್ನೊಂದು ಕಡೆ, ಅಮೆರಿಕದ ಕಾಲೇಜು ಆಟದಲ್ಲಿ ಎಸೆತಗಳನ್ನು ಕೋಚ್‌ಗಳೇ ಡಗ್‌ಔಟಿನಿಂದ ಹೇಳುವುದು ಸಾಮಾನ್ಯ. ಅಲ್ಲಿಂದ ಬರುವ ಕ್ಯಾಚರ್‌ಗೆ ಸ್ವಂತವಾಗಿ ತೀರ್ಮಾನಿಸಿ ತಪ್ಪುಮಾಡಿ ಕಲಿಯುವ ಅವಕಾಶ ಕಡಿಮೆ. ಆದರೆ 2026ರಿಂದ ಹೊಸದೊಂದು ಕೆಲಸ ಸೇರಿದೆ. ಎಸೆತ ಸರಿಯಾದ ವಲಯದಲ್ಲಿತ್ತೇ (ಸ್ಟ್ರೈಕ್), ಹೊರಗಿತ್ತೇ (ಬಾಲ್) ಎಂಬ ಅಂಪೈರ್ ತೀರ್ಪನ್ನು ಯಂತ್ರಕ್ಕೆ ಒಪ್ಪಿಸಿ ಪ್ರಶ್ನಿಸಲು ತಂಡಕ್ಕೆ ಎರಡು ಅವಕಾಶ. ಗೆದ್ದರೆ ಉಳಿಯುತ್ತದೆ, ಸೋತರೆ ಹೋಗುತ್ತದೆ. ಕೇಳಬಹುದಾದವರು ಬ್ಯಾಟರ್, ಪಿಚರ್, ಕ್ಯಾಚರ್ ಮಾತ್ರ, ಅದೂ ತಕ್ಷಣ, ಡಗ್‌ಔಟಿನ ನೆರವಿಲ್ಲದೆ. 2025ರ ಪೂರ್ವಋತುವಿನ ಪ್ರಯೋಗದಲ್ಲಿ ಪಿಚರ್‌ಗಳಿಗಿಂತ ಕ್ಯಾಚರ್‌ಗಳ ಅಂದಾಜೇ ಹೆಚ್ಚು ಸರಿಯಾಗಿತ್ತು. ಎರಡನೇ ಇನ್ನಿಂಗಿನಲ್ಲಿ ಬೇಸುಗಳು ಖಾಲಿ ಇರುವಾಗ ಅರ್ಧ ಅಂಗುಲದ ತಪ್ಪಿಗೆ ತಲೆಯ ಹೆಲ್ಮೆಟ್ ತಟ್ಟಿ ಪ್ರಶ್ನಿಸಬೇಕೋ, ಎಂಟನೇ ಇನ್ನಿಂಗಿನಲ್ಲಿ ಮೂರೂ ಬೇಸು ತುಂಬಿ ಮೂರು ಬಾಲ್ ಎರಡು ಸ್ಟ್ರೈಕ್ ಆಗಿರುವ ಗಳಿಗೆಗೆ ಅದನ್ನು ಉಳಿಸಿಕೊಳ್ಳಬೇಕೋ ಎಂಬ ತೀರ್ಮಾನ ಈಗ ಕುಕ್ಕರಗಾಲಿನಲ್ಲಿ ಕೂತವನದು.